ಮೂರು ನಿಮಿಷದ ನಿಷೇಧ

ಸೂಜಿ ಇಜ್ಜಾ? ಕೇಳಿದರು ವಾರಿಜಕ್ಕ,
ಚಪ್ಪಲಿ ಹೊರಗೆ ಬಿಟ್ಟು, ಸೆರಗಿಗೆ ಕೈ ಒರೆಸುತ್ತ.
ಇಜ್ಜಿ, ಎಂದೆ. ಬರೀ ಬೆಳಕು.
ಕೆಂಪಿನಾಚೆಗಿನ, ಕಣ್ಣಿಗೆ ದಕ್ಕದ ಕೆಂಪು;
ಚರ್ಮದ ಕದ ತಟ್ಟದೆ ಒಳಹೊಕ್ಕು
ಸಣ್ಣ ಸಣ್ಣ ನಾಳಗಳ ಓಣಿ ಸುತ್ತಿ
ನೆತ್ತರಿನ ಬಣ್ಣ ನೋಡಿ ಬರುತ್ತದೆ.
ಉಸಿರು ಹೊತ್ತದ್ದು ಕೆಂಪು, ಇಳಿಸಿ ಬಂದದ್ದು ಕಂದು.
ಅವರೆಂದರು: ಬಂಗುಡೆಯ ಕಿವಿರು ಎತ್ತಿ ನೋಡಿದ ಹಾಗೆ.

ಮೂರು ವರ್ಷ ಓದಿದ್ದೆ ನಾನು ಇದನ್ನು.

ಮೇಲಿನ ಓಪಿಡಿಯಲ್ಲಿ, ಶೆಡ್ಡಿನಿಂದ ನೇರ ಬಂದ ಬೆಳಿಗ್ಗೆ,
ಬೆರಳಿನ ಕ್ಲಿಪ್ಪು ಸೋತಿತ್ತಂತೆ:
ಎರಡು ಗೀಟು, ಅಂಕಿಯಿಲ್ಲ.
ಚೀಟಿಯಲ್ಲಿ ಡಾಕ್ಟರ ಅಕ್ಷರ: ಬೆರಳು ಬಿಳುಪು, ಜೋಮು,
ಹದಿನೇಳು ವರ್ಷದಿಂದ ಸಿಗಡಿ ಸುಲಿಯುವ ಕೆಲಸ.
ಎರಡು ತಾಸು ಸಾಲಿನಲ್ಲಿ ಕೂತು
ಅತ್ತಾವರದ ಈ ನೆಲಮಾಳಿಗೆಗೆ ಇಳಿದು ಬಂದರು.

ಹೆಬ್ಬೆರಳ ಬುಡದ ಮಾಂಸದ ದಿಬ್ಬಕ್ಕೆ ಪ್ಯಾಡು ಅಂಟಿಸಿದೆ.
ಎಪ್ಪತ್ತೊಂಬತ್ತು.
ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ,
ಮಣಿಕಟ್ಟಿನ ನಾಡಿ ನಿಲ್ಲುವವರೆಗೆ.
ಇನ್ನು ಮೂರು ನಿಮಿಷ ಯಾವ ನೆತ್ತರೂ ಬರುವುದಿಲ್ಲ, ಹೋಗುವುದಿಲ್ಲ.
ಬೇನೆ ಆಪುಂಡಾ?
ಉತ್ತರವಿಲ್ಲ; ತೆರೆಯ ಮೇಲಿನ ಗೆರೆಯನ್ನೇ ನೋಡುತ್ತಿದ್ದರು.
ಎಪ್ಪತ್ತು. ಅರವತ್ತೆರಡು. ಐವತ್ತು.
ಕೈ ತನ್ನಲ್ಲಿದ್ದುದನ್ನೇ ತಿನ್ನುತ್ತಿದೆ, ವಿವರಿಸಿದೆ.
ಗೊತ್ತು, ಎಂದರು, ಜೂನು ಜುಲೈ.
ಅರವತ್ತೊಂದು ದಿನ ಬೋಟು ಕಡಲಿಗಿಳಿಯುವ ಹಾಗಿಲ್ಲ.
ಮೊದಲು ಡಬ್ಬದ ಒಣಮೀನು,
ಆಮೇಲೆ ಸಂಘದ ಸಾಲ, ಆಮೇಲೆ ಗಂಜಿಗೆ ಉಪ್ಪು,
ಆಮೇಲೆ ಯಾರೂ ಯಾರ ಮನೆಗೂ
ಊಟದ ಹೊತ್ತಿಗೆ ಹೋಗುವುದಿಲ್ಲ.

ಪಟ್ಟಿ ಬಿಚ್ಚಿದೆ.
ದಕ್ಕೆ ತೆರೆದ ದಿನದಂತೆ ನುಗ್ಗಬೇಕು ಈಗ:
ಅಳಿವೆಯ ಬಾಯಲ್ಲಿ ಬೋಟಿಗೆ ಬೋಟು ತಾಗಿ,
ಇದ್ದದ್ದಕ್ಕಿಂತ ಹೆಚ್ಚು, ಬೇಕಾದ್ದಕ್ಕಿಂತ ಹೆಚ್ಚು.
ಆ ಹೆಚ್ಚಳದಲ್ಲೇ ನಾಳಗಳ ತಾಕತ್ತು ಗೊತ್ತಾಗುವುದು.
ನುಗ್ಗಿತು. ಎಂಬತ್ತೆಂಟು. ಮೆಲ್ಲ ಇಳಿದು ಎಂಬತ್ತು.
ಚೆನ್ನಾಗಿದೆ, ಎಂದೆ. ನಾರ್ಮಲ್.

ವಾರಿಜಕ್ಕ ನಕ್ಕರು.
ಇಲ್ಲಿ ಸೆಖೆ ಉಂಟಲ್ಲ ಮಗಾ.
ಐಸ್ ತಾ.

ಯಂತ್ರದ ಕೈಪಿಡಿಯಲ್ಲಿ ಆ ಮಾತಿಲ್ಲ.
ಎದುರಿನ ಜ್ಯೂಸ್ ಅಂಗಡಿಯ ನೌಫಲ್ ಒಂದು ಬಕೆಟ್ಟು ಕೊಟ್ಟ,
ಲಿಂಬೆಸಿಪ್ಪೆ ತೇಲುವ ಪುಡಿ ಐಸು.
ಪ್ಯಾಡನ್ನು ಬೆರಳತುದಿಗೆ ಸರಿಸು, ಪ್ಲಾಸ್ಟಿಕ್ಕು ಸುತ್ತು,
ಎಂದವರೂ ಅವರೇ.
ಕುರ್ಚಿ ಬಿಟ್ಟು ನೆಲಕ್ಕೆ ಕೂತರು, ಒಂದು ಮೊಣಕಾಲು ಮೇಲೆ,
ಶೆಡ್ಡಿನಲ್ಲಿ ಕೂರುವ ಹಾಗೆ, ಕೈ ಮುಳುಗಿಸಿದರು.
ಗೆರೆ ಇಳಿಯಲಿಲ್ಲ, ಬಿತ್ತು.
ಪಟ್ಟಿಯಿಲ್ಲ, ಗಾಳಿಯಿಲ್ಲ, ನಾನು ಮುಟ್ಟಿಲ್ಲ;
ಓಣಿಯ ಮನೆಗಳು ತಾವೇ ಬಾಗಿಲು ಹಾಕಿಕೊಂಡವು.
ಕೈ ತೆಗೆದರು. ಮೂರು ಬೆರಳು ಸೀಮೆಸುಣ್ಣ.
ನಾಲ್ಕು ನಿಮಿಷ. ಏಳು.
ಗಡಿಯಾರ ನೋಡುತ್ತ ನನಗೇ ನಾಚಿಕೆಯಾಯಿತು.
ಹನ್ನೊಂದನೆಯ ನಿಮಿಷಕ್ಕೆ ಒಂದು ಉಗುರಿನ ಬುಡದಲ್ಲಿ
ನೇರಳೆ, ಆಮೇಲೆ, ಒಲ್ಲದ ಮನಸ್ಸಿನಿಂದ, ಗುಲಾಬಿ.

ವರದಿಯ ನಮೂನೆಯಲ್ಲಿ ಐಸಿಗೆ ಕಾಲಂ ಇಲ್ಲ.
ಷರಾ ಎಂಬಲ್ಲಿ ಬರೆದೆ, ಸಾಲದೆ ಹಿಂಬದಿಗೂ ಬರೆದೆ.
ನಾಳೆ ಎಷ್ಟು ಗಂಟೆಗೆ ಕೆಲಸ, ಕೇಳಿದೆ.
ಐದಕ್ಕೆ, ಎಂದರು. ಇನ್ನೆಷ್ಟಕ್ಕೆ?

ಬೆಂಗ್ರೆಯ ಫೆರಿಗೆ ಹೊತ್ತಾಯಿತೆಂದು ಎದ್ದವರು
ನನ್ನ ಹೆಬ್ಬೆರಳು ಹಿಡಿದು, ಉಗುರು ಒತ್ತಿ, ಬಿಟ್ಟು,
ಬಿಳುಪು ಕೆಂಪಾಗುವುದನ್ನು ಬಗ್ಗಿ ನೋಡಿದರು,
ಬುಟ್ಟಿಗೆ ಹಾಕುವ ಮೊದಲು ನೋಡುವ ಹಾಗೆ.
ತಾಜಾ, ಎಂದರು.

ಬಕೆಟ್ಟು ನಾಲ್ಕಕ್ಕೆ ವಾಪಸು ಕೊಡಬೇಕಿತ್ತು.